ನಾಲೆ ಸೋರುತ್ತೆ ಅಂತ ಎಲ್ಲರಿಗೂ ಗೊತ್ತು, ಎಷ್ಟು ಸೋರುತ್ತೆ?

ಕೆ.ಆರ್.ಪೇಟೆ ಕಡೆಯ ನನ್ನ ಕಾಲೇಜು ಗೆಳೆಯನೊಬ್ಬ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದಾನೆ. ಮೊನ್ನೆ ಮನೆಯ ಹಳೇ ಎಸಿ ತೆಗೆಸಿ ಹೊಸದು ಹಾಕಿಸಿದ. ಅಲ್ಲಿನ ಮನೆಗಳಲ್ಲಿ ನಮ್ಮ ಹಾಗೆ ರೂಮಿಗೊಂದು ಎಸಿ ಇರಲ್ಲ. ಇಡೀ ಮನೆಗೆ ಒಂದೇ ಯಂತ್ರ. ಅದರಿಂದ ಹೊರಟ ದಪ್ಪ ದಪ್ಪ ಗಾಳಿ ಕೊಳವೆಗಳು ಅಟ್ಟದಲ್ಲಿ ಹಾದು ಪ್ರತಿ ರೂಮಿಗೂ ಇಳಿಯುತ್ತವೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡೂ ಆ ಡಕ್ಟ್‌ಗಳಲ್ಲೇ ಬರಬೇಕು. ಕೆಲಸ ಮುಗಿದ ಮೇಲೆ ಇನ್ಯಾರೋ ಒಬ್ಬ ಬಂದು ಎಲ್ಲ ರೂಮಿನ ಗಾಳಿ ಕಿಂಡಿಗಳಿಗೂ ಟೇಪ್ ಅಂಟಿಸಿ, ಒಂದು ಫ್ಯಾನ್ ಕೂರಿಸಿ, ಏನೋ ಅಳೆದು, ಕಾಗದ ಬರೆದುಕೊಟ್ಟು ಹೋದನಂತೆ. "ಏನ್ಲಾ ಇದು, ಗಾಳಿ ಸೋರೋದನ್ನೂ ಅಳೀತಾರಾ?" ಅಂತ ಫೋನ್ ಮಾಡಿದ.

ಅಳೀತಾರೆ. ನಾನು ಮೆಕ್ಯಾನಿಕಲ್ ಓದಿದ್ದಕ್ಕೆ ಇಷ್ಟು ವರ್ಷಗಳಾದ ಮೇಲೆ ಒಂದು ಉಪಯೋಗ ಆಯ್ತು ಅಂದುಕೊಂಡು ವಿವರಿಸಿದೆ. ಕಿಂಡಿಗಳನ್ನೆಲ್ಲ ಮುಚ್ಚಿ, ಫ್ಯಾನ್‌ನಿಂದ ಗಾಳಿ ತುಂಬಿ, ಒಳಗಿನ ಒತ್ತಡವನ್ನು 25 ಪಾಸ್ಕಲ್‌ಗೆ ತಂದು ನಿಲ್ಲಿಸುತ್ತಾರೆ. ಅಂದ್ರೆ ಎರಡೂವರೆ ಮಿಲಿಮೀಟರ್ ನೀರಿನ ಭಾರದಷ್ಟು, ಬಹಳ ಕಡಿಮೆ ಒತ್ತಡ. ಕೊಳವೆ ಎಲ್ಲೂ ಸೋರದಿದ್ದರೆ ಆ ಒತ್ತಡ ಹಾಗೇ ನಿಲ್ಲಬೇಕು. ಸೋರುತ್ತಿದ್ದರೆ, ಒತ್ತಡ ಬೀಳದಂತೆ ಫ್ಯಾನ್ ಎಷ್ಟು ಗಾಳಿ ತುಂಬುತ್ತಲೇ ಇರಬೇಕೋ ಅಷ್ಟೂ ಸೋರಿಕೆ. ಅಮೆರಿಕದ ಎನರ್ಜಿ ಸ್ಟಾರ್ ಯೋಜನೆಯ ಪ್ರಕಾರ ಅಲ್ಲಿನ ಸಾಮಾನ್ಯ ಮನೆಯ ಡಕ್ಟ್‌ನಲ್ಲಿ ಹರಿಯುವ ಗಾಳಿಯ ಶೇ 20ರಿಂದ 30ರಷ್ಟು ದಾರಿಯಲ್ಲೇ ಪೋಲಾಗುತ್ತೆ. ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮ ಹೊಸ ಮನೆಗೆ ಶೇ 5ರ ಮಿತಿ ಹಾಕಿದೆ, ಹಳೇ ಮನೆಗೆ ಸ್ವಲ್ಪ ರಿಯಾಯಿತಿ. ಮುಖ್ಯ ವಿಷಯ ಅಂದ್ರೆ, ಡಕ್ಟ್ ಹಾಕಿದ ಕಂಟ್ರಾಕ್ಟರ್ "ಸೋರಲ್ಲ ಸಾರ್" ಅಂದರೆ ಸಾಲದು. ಅವನಿಗೆ ಸಂಬಂಧವಿಲ್ಲದ ಮೂರನೆಯವನು ಬಂದು ಪರಿಶೀಲಿಸಿ ಸಹಿ ಹಾಕಬೇಕು.

ಫೋನ್ ಇಟ್ಟ ಮೇಲೆ ನನಗೆ ನೆನಪಾಗಿದ್ದು ಅವನೂರಿನ ನಾಲೆ.

ಮಂಡ್ಯ ಜಿಲ್ಲೆಯ ಮನೆಗಳಲ್ಲಿ ಡಕ್ಟ್ ಇಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನ ಬದುಕು ನಿಂತಿರೋದು ಸೋರುವ ಕೊಳವೆಗಳ ಮೇಲೆಯೇ. ಶ್ರೀರಂಗಪಟ್ಟಣದ ಸುತ್ತ ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇವೆ. ಇವುಗಳಲ್ಲಿ ಕೆಲವು ಕನ್ನಂಬಾಡಿ ಕಟ್ಟೆಗಿಂತ ಶತಮಾನಗಳಷ್ಟು ಹಳೆಯವು. ಆಮೇಲೆ ಬಂದದ್ದು ಕೆಆರ್‌ಎಸ್, ಅದರಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಹೋಗುವ ವಿಶ್ವೇಶ್ವರಯ್ಯ ನಾಲೆ. ಹಳಬರ ಬಾಯಲ್ಲಿ ಅದು ಇರ್ವಿನ್ ನಾಲೆ. ಕೆ.ಆರ್.ಪೇಟೆಗೆ ಹೇಮಗಿರಿ ಮತ್ತು ಮಂದಗೆರೆಯ ಹಳೇ ಅಣೆಕಟ್ಟೆ ನಾಲೆಗಳ ಜೊತೆಗೆ ಗೊರೂರಿನ ಹೇಮಾವತಿ ಎಡದಂಡೆ ನಾಲೆ. ನಾಗಮಂಗಲಕ್ಕೆ ಅದೇ ಹೇಮಾವತಿಯ ಶಾಖಾ ನಾಲೆ, ಅದೂ ಬಹುದೂರ ಹರಿದು ಬಂದ ಮೇಲೆ ಉಳಿದಷ್ಟು.

ಈ ನಾಲೆಗಳ ರಾಜಕೀಯ ನಮಗೆಲ್ಲ ಗೊತ್ತು. 2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತ್ತು. ಕಾವೇರಿ ನೀರು ನಿಯಂತ್ರಣ ಸಮಿತಿ 15 ದಿನ 5000 ಕ್ಯೂಸೆಕ್ ಬಿಡಿ ಅಂದಿತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಲೆಕ್ಕ ಹಾಕಿ: 5000 ಕ್ಯೂಸೆಕ್ ಒಂದು ದಿನ ಹರಿದರೆ 0.43 ಟಿಎಂಸಿ, 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ. ಆ ಆರೂವರೆ ಟಿಎಂಸಿಗೆ ರಾಜ್ಯವೇ ನಿಂತುಹೋಯ್ತು. ತಪ್ಪೇನಿಲ್ಲ, ಬರಗಾಲದಲ್ಲಿ ಪ್ರತಿ ಹನಿಯೂ ಜಗಳಕ್ಕೆ ಯೋಗ್ಯ. 2007ರ ನ್ಯಾಯಮಂಡಳಿ ಐತೀರ್ಪಿನ 270 ಟಿಎಂಸಿ, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನಲ್ಲಿ 284.75 ಆದಾಗ ಆ 14.75 ಟಿಎಂಸಿಗೆ ನಾವು ಸಿಹಿ ಹಂಚಿದ್ದೆವು. ಬಿಳಿಗುಂಡ್ಲುವಿನಲ್ಲಿ ಎಷ್ಟು ನೀರು ದಾಟಿತು ಅಂತ ದಿನವೂ ಅಳೀತೀವಿ. ಗಡಿಯ ಆಚೆ ಹೋಗೋ ನೀರಿಗೆ ಇಷ್ಟು ಲೆಕ್ಕ ಇಟ್ಟಿರೋ ನಾವು, ಕಟ್ಟೆಯಿಂದ ಹೊರಟು ಗದ್ದೆ ಸೇರೋದರೊಳಗೆ ಕಾಣೆಯಾಗೋ ನೀರಿನ ಬಗ್ಗೆ "ಸೋರಿಕೆ ಜಾಸ್ತಿ ಇದೆ" ಅನ್ನೋ ಒಂದು ವಾಕ್ಯದಲ್ಲಿ ಮುಗಿಸಿಬಿಡ್ತೀವಿ.

ಗೇಟ್ ಮುರಿದರೆ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ದೇಶವೇ ನೋಡಿತು. ನಾಲೆ ತಳದಲ್ಲಿ ಇಂಗುವ ನೀರಿಗೆ ಸದ್ದೂ ಇಲ್ಲ, ಕ್ಯಾಮೆರಾಕ್ಕೆ ದೃಶ್ಯವೂ ಇಲ್ಲ.

ಅಳೆಯೋದು ಕಷ್ಟವಾ? ಇಲ್ಲ. ಡಕ್ಟ್ ಪರೀಕ್ಷೆಗಿಂತ ಸರಳ. ಭಾರತೀಯ ಮಾನಕ ಬ್ಯೂರೋದ ಐಎಸ್ 9452 ಅನ್ನೋ ದಾಖಲೆಯಲ್ಲಿ ನಾಲೆ ಸೋರಿಕೆ ಅಳೆಯೋ ವಿಧಾನಗಳು ಎಷ್ಟೋ ವರ್ಷಗಳಿಂದ ಇವೆ. ಮೊದಲನೆಯದು, ನೀರು ನಿಂತಿರುವಾಗ ಮಾಡೋದು. ನಾಲೆಯ ಒಂದು ಭಾಗಕ್ಕೆ ಆ ಕಡೆ ಈ ಕಡೆ ಅಡ್ಡ ಕಟ್ಟೆ ಹಾಕಿ, ತೂಬುಗಳನ್ನು ಮುಚ್ಚಿ, ನೀರು ತುಂಬಿಸಿ ಸುಮ್ಮನೆ ಬಿಡೋದು. ಮಟ್ಟ ಎಷ್ಟು ಇಳಿಯುತ್ತೆ ಅಂತ ನೋಡೋದು, ಆವಿಯಾದದ್ದನ್ನು ಕಳೆಯೋದು. ಉಳಿದದ್ದು ಇಂಗಿದ ನೀರು. ಕಿಂಡಿಗೆ ಟೇಪ್ ಅಂಟಿಸಿ ಗಾಳಿ ತುಂಬಿದ ಹಾಗೇ, ಇದೂ ಮುಚ್ಚಿ ತುಂಬಿಸಿ ನೋಡುವ ಪರೀಕ್ಷೆ. ಎರಡನೆಯದು ಹರಿಯುವ ನಾಲೆಯಲ್ಲಿ ಮಾಡೋದು: ಮೇಲೆ ಎಷ್ಟು ಒಳಬಂತು, ಕೆಳಗೆ ಎಷ್ಟು ಹೊರಹೋಯ್ತು, ನಡುವೆ ತೂಬುಗಳಿಗೆ ಎಷ್ಟು ಕೊಟ್ಟೆವು ಅಂತ ಅಳೆದು ಕಳೆಯೋದು.

ಈ ಎರಡನ್ನೂ ಒಂದೇ ಜಾಗದಲ್ಲಿ ಮಾಡಿದರೆ ನಿಜವಾದ ರಾಜಕೀಯ ಹೊರಬೀಳುತ್ತೆ. ಮೊದಲನೇ ಪರೀಕ್ಷೆ ಮಣ್ಣಿನ ಸೋರಿಕೆಯನ್ನು ಮಾತ್ರ ಹೇಳುತ್ತೆ. ಎರಡನೆಯದು ಎಲ್ಲವನ್ನೂ ಹೇಳುತ್ತೆ: ಮಣ್ಣಿಗೆ ಇಂಗಿದ್ದು, ಮುರಿದ ತೂಬಿನಿಂದ ಹೋದದ್ದು, ರಾತ್ರಿ ಪಂಪ್ ಇಟ್ಟು ಎತ್ತಿದ್ದು, ಮೇಲ್ಭಾಗದವರು ಪಾಲಿಗಿಂತ ಹೆಚ್ಚು ತಿರುಗಿಸಿಕೊಂಡದ್ದು. ಎರಡರ ವ್ಯತ್ಯಾಸವೇ ಮನುಷ್ಯರು ಮಾಡಿದ ಸೋರಿಕೆ. ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಲು 2024ರಲ್ಲಿ ವಿಧಾನಮಂಡಲ ನೀರಾವರಿ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಒಳ್ಳೇದು. ಆದರೆ ಕಾಣೆಯಾದ ನೀರಿನಲ್ಲಿ ಕಳ್ಳತನ ಎಷ್ಟು, ಇಂಗಿದ್ದು ಎಷ್ಟು ಅನ್ನೋದು ಗೊತ್ತಿಲ್ಲದೆ ಕಾನೂನು ಹಿಡಿದು ಹೊರಟರೆ, ಸಿಕ್ಕಿಬೀಳೋದು ನಾಲೆ ಪಕ್ಕದ ಎರಡು ಎಕರೆಯವನ ಅರ್ಧ ಎಚ್‌ಪಿ ಮೋಟಾರು. ಬಾಳೆ, ಅಡಿಕೆ ತೋಟಕ್ಕೆ ಕಿಲೋಮೀಟರ್‌ಗಟ್ಟಲೆ ಪೈಪ್ ಎಳೆದವನ ಮನೆಗೆ ಯಾವ ಅಧಿಕಾರಿ ಹೋಗ್ತಾನೆ ಅಂತ ನಿಮಗೇ ಗೊತ್ತು.

ಈಗ ಸ್ವಲ್ಪ ಅಂಕಿ. ಅಂತರ್ಜಲ ಲೆಕ್ಕ ಹಾಕಲು ಕೇಂದ್ರ ಅಂತರ್ಜಲ ಮಂಡಳಿ ಬಳಸುವ ಪದ್ಧತಿಯಲ್ಲಿ ಒಂದು ಅಂದಾಜು ಸೂತ್ರ ಇದೆ. ಲೈನಿಂಗ್ ಇಲ್ಲದ ನಾಲೆಯಲ್ಲಿ, ಸಾಮಾನ್ಯ ಮಣ್ಣಾದರೆ, ನೀರು ತಾಗುವ ಪ್ರತಿ 10 ಲಕ್ಷ ಚದರ ಮೀಟರ್‌ಗೆ ಸೆಕೆಂಡಿಗೆ 1.8ರಿಂದ 2.5 ಘನ ಮೀಟರ್ ಇಂಗುತ್ತೆ. ಲೈನಿಂಗ್ ಇದ್ದರೆ ಅದರ ಶೇ 20. ಒಂದು ಉದಾಹರಣೆ ಮಾಡೋಣ. 10 ಕಿ.ಮೀ. ಉದ್ದ, ತಳ ಮತ್ತು ಎರಡು ಇಳಿಜಾರು ಸೇರಿ 15 ಮೀಟರ್ ನೀರು ತಾಗುವ ಒಂದು ಮಣ್ಣಿನ ನಾಲೆ. ಸೆಕೆಂಡಿಗೆ 0.3 ಘನ ಮೀಟರ್, ಅಂದರೆ ಹತ್ತೂವರೆ ಕ್ಯೂಸೆಕ್ ನೆಲಕ್ಕೆ ಹೋಗುತ್ತೆ. 120 ದಿನ ನೀರು ಹರಿದರೆ 0.11 ಟಿಎಂಸಿ. ಆವಿ? ದಿನಕ್ಕೆ 5 ಮಿ.ಮೀ. ಅಂತಿಟ್ಟುಕೊಂಡರೂ 750 ಘನ ಮೀಟರ್. ಇಂಗೋದು ದಿನಕ್ಕೆ 26 ಸಾವಿರ ಘನ ಮೀಟರ್ ಹತ್ತಿರ. ಬಿಸಿಲಿಗೆ ನೀರು ಒಣಗಿ ಹೋಗುತ್ತೆ ಅನ್ನೋ ಸಮಜಾಯಿಷಿ ಇಲ್ಲಿ ನಡೆಯಲ್ಲ, ನೀರು ಹೋಗ್ತಿರೋದು ಕೆಳಗೆ.

0.11 ಟಿಎಂಸಿ ಸಣ್ಣದು ಅನ್ನಿಸಬಹುದು. ಇದು ಒಂದೇ ನಾಲೆಯ 10 ಕಿ.ಮೀ. ಮುಖ್ಯ ನಾಲೆ, ಶಾಖಾ ನಾಲೆ, ವಿತರಣಾ ನಾಲೆ, ಉಪನಾಲೆ, ಕೊನೆಗೆ ಹೂಳು ಮತ್ತು ಗಿಡಗಂಟಿ ತುಂಬಿದ ಹೊಲಗಾಲುವೆ, ಎಲ್ಲ ಕೂಡಿಸಿಕೊಳ್ಳಿ. ಆದರೆ ನಾನು ಕೂಡಿಸಿ ಒಟ್ಟು ಇಷ್ಟು ಟಿಎಂಸಿ ಅಂತ ತಲೆಬರಹ ಮಾಡಲ್ಲ. ಸೂತ್ರದ ಅಂಕಿ ಅಂದಾಜು, ಮಂಡ್ಯದ ಕೆಂಪು ಮಣ್ಣಿಗೂ ಕಪ್ಪು ಮಣ್ಣಿಗೂ ಒಂದೇ ಉತ್ತರ ಬರಲ್ಲ. ಅದಕ್ಕೇ ಪರೀಕ್ಷೆ ಬೇಕು ಅನ್ನೋದು.

ಲೈನಿಂಗ್ ಹಾಕಿದರೆ ಶೇ 80 ಉಳಿತಾಯ ಅಂತ ಸೂತ್ರ ಹೇಳ್ತು ತಾನೆ, ಹಾಕ್ತಾ ಹೋದರೆ ಆಯ್ತು, ಅಳೆಯೋದು ಯಾಕೆ? ನಮ್ಮ ಸರ್ಕಾರಗಳು, ಮೂರೂ ಪಕ್ಷದವು, ಮಾಡಿಕೊಂಡು ಬಂದಿರೋದು ಇದನ್ನೇ. ವಿಶ್ವೇಶ್ವರಯ್ಯ ನಾಲೆಯ ಆಧುನೀಕರಣ, ಹೇಮಾವತಿ ನಾಲೆಗಳ ಆಧುನೀಕರಣ ಕಂತುಕಂತಾಗಿ ನಡೆದಿದೆ. ಗುದ್ದಲಿ ಪೂಜೆಯ ಬ್ಯಾನರ್‌ನಲ್ಲಿ ಇಷ್ಟು ಕೋಟಿ, ಇಷ್ಟು ಕಿಲೋಮೀಟರ್ ಅಂತ ಇರುತ್ತೆ. "ಮೊದಲು ಇಷ್ಟು ಸೋರುತ್ತಿತ್ತು, ಈಗ ಇಷ್ಟು" ಅನ್ನೋ ಸಾಲು ಯಾವ ಬ್ಯಾನರ್‌ನಲ್ಲೂ ನಾನು ಓದಿಲ್ಲ. ಕಾಂಕ್ರೀಟ್ ಎಷ್ಟು ಹಾಕಿದೆ ಅನ್ನೋದಕ್ಕೆ ಬಿಲ್ ಆಗುತ್ತೆ, ನೀರು ಎಷ್ಟು ಉಳಿಸಿದೆ ಅನ್ನೋದಕ್ಕಲ್ಲ.

ಕಾಂಕ್ರೀಟ್ ಶಾಶ್ವತವೂ ಅಲ್ಲ. ನಮ್ಮಲ್ಲಿ ಕಟ್ಟು ಪದ್ಧತಿ ಇದೆ, ಕೆಲವು ದಿನ ನೀರು ಬಿಡೋದು, ಕೆಲವು ದಿನ ನಿಲ್ಲಿಸೋದು. ನಾಲೆ ಖಾಲಿಯಾದ ಕ್ಷಣ, ಪಕ್ಕದ ಗದ್ದೆಗಳಲ್ಲಿ ನಿಂತ ನೀರು ಮಣ್ಣಿನೊಳಗಿಂದ ಲೈನಿಂಗ್‌ನ ಬೆನ್ನಿಗೆ ಒತ್ತುತ್ತೆ. ಆ ಒತ್ತಡ ಬಿಡುಗಡೆಯಾಗಲು ರಂಧ್ರಗಳನ್ನು ಸರಿಯಾಗಿ ಬಿಡದಿದ್ದರೆ ಚಪ್ಪಡಿ ಎದ್ದು ಬಿರುಕು ಬಿಡುತ್ತೆ. ಬಿರುಕು ಬಿಟ್ಟ ಲೈನಿಂಗ್ ನೋಡೋಕೆ ಲೈನಿಂಗ್, ಸೋರೋದರಲ್ಲಿ ಮಣ್ಣಿನ ನಾಲೆ. ಕಾಗದದಲ್ಲಿ ಮಾತ್ರ ಅದು ಶೇ 80 ಉಳಿಸ್ತಾನೇ ಇರುತ್ತೆ. ಐದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರಷ್ಟೇ ಸತ್ಯ ಗೊತ್ತಾಗೋದು.

ಇಲ್ಲಿವರೆಗೆ ಓದಿದವರಿಗೆ "ಸೋರಿಕೆ ಕೆಟ್ಟದ್ದು, ನಿಲ್ಲಿಸಿ" ಅನ್ನೋದು ನನ್ನ ವಾದ ಅನ್ನಿಸಿರಬಹುದು. ಅಷ್ಟು ಸುಲಭ ಇಲ್ಲ.

ಡಕ್ಟ್ ಪರೀಕ್ಷೆಯಲ್ಲಿ ಇನ್ನೊಂದು ಹಂತ ಇದೆ, ಗೆಳೆಯನಿಗೆ ನಾನು ಹೇಳಲಿಲ್ಲ. ಒಟ್ಟು ಸೋರಿಕೆ ಬೇರೆ, ಹೊರಗೆ ಹೋದ ಸೋರಿಕೆ ಬೇರೆ. ಡಕ್ಟ್ ಸೋರಿ ಆ ತಂಪು ಗಾಳಿ ಮನೆಯೊಳಗೇ ಬಿದ್ದರೆ ಅದು ಪೂರ್ತಿ ನಷ್ಟವಲ್ಲ, ಬೇರೆ ರೂಮು ತಂಪಾಯ್ತು ಅಷ್ಟೆ. ಅಟ್ಟಕ್ಕೋ ಬಯಲಿಗೋ ಹೋದರೆ ನಷ್ಟ. ಇದನ್ನು ಬೇರ್ಪಡಿಸಲು ಬಾಗಿಲಿಗೆ ಇನ್ನೊಂದು ಫ್ಯಾನ್ ಕೂರಿಸಿ ಇಡೀ ಮನೆಯನ್ನೂ ಅದೇ 25 ಪಾಸ್ಕಲ್‌ಗೆ ತರುತ್ತಾರೆ. ಆಗ ಡಕ್ಟ್‌ಗೂ ಮನೆಗೂ ಒತ್ತಡದ ವ್ಯತ್ಯಾಸ ಇಲ್ಲದ್ದರಿಂದ ಒಳಗಿನ ಸೋರಿಕೆ ನಿಲ್ಲುತ್ತೆ, ಉಳಿದದ್ದು ಹೊರಗಿನದು.

ನಾಲೆಗೂ ಇದೇ ಪ್ರಶ್ನೆ ಕೇಳಬೇಕು. ಇಂಗಿದ ನೀರು ಎಲ್ಲಿಗೆ ಹೋಯ್ತು? ನಾಲೆಯ ಕೆಳಗಿನ ಊರಿನ ಬಾವಿಗೂ ನಾಲೆಯ ಮೇಲಿನ ಊರಿನ ಬೋರ್‌ವೆಲ್‌ಗೂ ಇರೋ ವ್ಯತ್ಯಾಸ ಮಂಡ್ಯದ ಯಾರನ್ನು ಕೇಳಿದರೂ ಹೇಳ್ತಾರೆ. ನಾಲೆ ಬಂದ ಮೇಲೆ ಬಾವಿಯಲ್ಲಿ ನೀರು ಬಂತು, ಕೆರೆ ಒಣಗೋದು ನಿಂತಿತು. ದಾಖಲೆಯಲ್ಲಿ ಅಚ್ಚುಕಟ್ಟು ಅಲ್ಲದ ಎಷ್ಟೋ ಜಮೀನು ಬೆಳೆ ಕಂಡದ್ದು ಈ ಸೋರಿಕೆಯಿಂದ. ಅದರಲ್ಲೂ ಕೆ.ಆರ್.ಪೇಟೆ, ನಾಗಮಂಗಲದಂಥ ಗಟ್ಟಿ ಕಲ್ಲಿನ ನೆಲದಲ್ಲಿ ಅಂತರ್ಜಲ ಅನ್ನೋದು ಮೇಲಿನ ತೆಳು ಪದರ. ಅದನ್ನು ತುಂಬಿಸುವ ಕೈಗಳು ಮಳೆ, ಕೆರೆ, ನಾಲೆ, ಅಷ್ಟೇ. ಇನ್ನೊಂದು ಕಡೆ, ಕೆಆರ್‌ಎಸ್ ಅಚ್ಚುಕಟ್ಟಿನ ತಗ್ಗು ಜಾಗಗಳಲ್ಲಿ ಇದೇ ನೀರು ನಿಂತು ಗದ್ದೆ ಜವುಳಾಗಿ, ಚೌಳಾಗಿ ಹಾಳಾಗಿದೆ. ಅಂದ್ರೆ ಒಂದೇ ಸೋರಿಕೆ ಒಂದು ಊರಿಗೆ ವರ, ಇನ್ನೊಂದು ಊರಿಗೆ ಶಾಪ. ಯಾವ ಹತ್ತು ಕಿಲೋಮೀಟರ್ ಮುಚ್ಚಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನೋದು ಅಳೆಯದೆ ತೀರ್ಮಾನ ಮಾಡೋಕೆ ಆಗಲ್ಲ.

ಸರ್ಕಾರಿ ಲೆಕ್ಕದ ತಮಾಷೆ ನೋಡಿ. ನೀರಾವರಿ ಇಲಾಖೆ ಲೈನಿಂಗ್ ಮಾಡಿ ಇಷ್ಟು ನೀರು ಉಳಿಸಿದೆ ಅನ್ನುತ್ತೆ. ಅದೇ ಇಂಗಿದ ನೀರನ್ನು ಅಂತರ್ಜಲದವರು ಮರುಪೂರಣ ಅಂತ ಬರೆದುಕೊಂಡಿರ್ತಾರೆ. ಒಬ್ಬರ ಪುಸ್ತಕದಲ್ಲಿ ನಷ್ಟ, ಇನ್ನೊಬ್ಬರ ಪುಸ್ತಕದಲ್ಲಿ ಆದಾಯ. ಇದು ಬರೀ ಗುಮಾಸ್ತರ ಗೊಂದಲ ಅಲ್ಲ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಹೆಚ್ಚುವರಿಯಲ್ಲಿ 10 ಟಿಎಂಸಿ ಬಂದದ್ದೇ ತಮಿಳುನಾಡಿನ ಕಾವೇರಿ ಕೊಳ್ಳದ ಅಂತರ್ಜಲವನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ. ನೆಲದ ಕೆಳಗಿನ ನೀರೂ ಹಂಚಿಕೆಯ ಮಾತಿನಲ್ಲಿ ಬರುತ್ತೆ ಅಂತ ಒಮ್ಮೆ ಆದ ಮೇಲೆ, ನಾಳೆ ಅದೇ ಪ್ರಶ್ನೆ ನಮ್ಮ ಕಡೆ ತಿರುಗಿದರೆ ನಮ್ಮ ಕೈಯಲ್ಲಿ ಸೂತ್ರದ ಅಂದಾಜು ಬಿಟ್ಟು ಏನಿರುತ್ತೆ?

ಉಳಿಸಿದ ನೀರು ಯಾರಿಗೆ ಅನ್ನೋದು ಇದಕ್ಕಿಂತ ಬಿಸಿ ಪ್ರಶ್ನೆ. ಮತ್ತೆ ಕ್ಯಾಲಿಫೋರ್ನಿಯಾಕ್ಕೇ ಹೋಗೋಣ. ಮೆಕ್ಸಿಕೋ ಗಡಿಯ ಉದ್ದಕ್ಕೂ ಹರಿಯುವ ಆಲ್ ಅಮೆರಿಕನ್ ಕಾಲುವೆ ದಶಕಗಟ್ಟಲೆ ಮಣ್ಣಿನದಾಗಿತ್ತು. ಅದರಿಂದ ಇಂಗಿದ ನೀರು ಗಡಿಯಾಚೆಯ ಮೆಕ್ಸಿಕಾಲಿ ಕಣಿವೆಯ ರೈತರ ಬಾವಿಗಳಿಗೆ ಸೇರ್ತಿತ್ತು. ಕಾಲುವೆಗೆ ಕಾಂಕ್ರೀಟ್ ಹಾಕುವ ಯೋಜನೆ ಬಂದಾಗ ಅವರು ಕೋರ್ಟಿಗೆ ಹೋದರು. 2006ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಕೆಲಸ ಮುಂದುವರಿಸಿತು. ಉಳಿತಾಯ ವರ್ಷಕ್ಕೆ 67,700 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 3 ಟಿಎಂಸಿ. ಆ ನೀರಿನ ಬಹುಪಾಲು ಹೋದದ್ದು ಸ್ಯಾನ್ ಡಿಯಾಗೋ ಕಡೆಗೆ, ಊರಿನ ನಲ್ಲಿಗಳಿಗೆ. ಕಾಂಕ್ರೀಟ್ ಹಾಕಿಸಿದ್ದೂ ಆ ನೀರಿನ ಆಸೆಯೇ.

ನಮ್ಮ ಸ್ಯಾನ್ ಡಿಯಾಗೋ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲೇ ಉದ್ಘಾಟನೆ ಆಯ್ತು. ದಿನಕ್ಕೆ 77.5 ಕೋಟಿ ಲೀಟರ್. ವರ್ಷಕ್ಕೆ ಲೆಕ್ಕ ಹಾಕಿದರೆ 10 ಟಿಎಂಸಿ ಹತ್ತಿರ. ಬೆಂಗಳೂರಿಗೆ ನೀರು ಬೇಡ ಅಂತ ನಾನು ಹೇಳ್ತಿಲ್ಲ. ನಾನೂ ಅದೇ ನೀರು ಕುಡಿಯೋದು. ಆದರೆ ನಗರದ ಪೈಪುಗಳಲ್ಲೂ ಕಾಲುಭಾಗಕ್ಕಿಂತ ಹೆಚ್ಚು ನೀರು ಲೆಕ್ಕಕ್ಕೆ ಸಿಗಲ್ಲ ಅಂತ ಜಲಮಂಡಳಿಯೇ ಹೇಳಿದೆ. ನಾಗಮಂಗಲದ ಶಾಖಾ ನಾಲೆಯ ಕೊನೇ ಭಾಗದವರು ವರ್ಷಗಳಿಂದ ಕೇಳ್ತಿರೋ ನೀರು, ಮೇಲಿನ ಲೈನಿಂಗ್‌ನಿಂದ ಉಳಿದದ್ದಾದರೆ, ಅದು ಅವರ ಗದ್ದೆ ತಲುಪಿತಾ ಅಥವಾ ಕಾಗದದ ಉಳಿತಾಯವಾಗಿ ಬೇರೆ ಯೋಜನೆಯ ಹಂಚಿಕೆಗೆ ಸೇರಿತಾ ಅನ್ನೋದನ್ನು ಹೇಳೋಕೆ ಕೊನೇ ಭಾಗದಲ್ಲಿ ಒಂದು ಅಳತೆಗೋಲು ಬೇಕು. ತುಮಕೂರು ಕಡೆಯ ಹೇಮಾವತಿ ಎಕ್ಸ್‌ಪ್ರೆಸ್ ಕಾಲುವೆಯ ಜಗಳದಲ್ಲೂ ಇದೇ ಕಥೆ. ಅಳತೆ ಇಲ್ಲದ ಕಡೆ ಅನುಮಾನವೇ ಅಂಕಿ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಅಚ್ಚುಕಟ್ಟು ಪ್ರದೇಶಗಳ ಆಧುನೀಕರಣಕ್ಕೆ 1600 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪೈಪ್‌ನಲ್ಲಿ ನೀರು, ಸೆನ್ಸರ್, ಕಂಪ್ಯೂಟರ್ ನಿಯಂತ್ರಣ, ನೀರಿನ ಲೆಕ್ಕಪತ್ರ ಎಲ್ಲ ಅದರಲ್ಲಿದೆ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಸೆನ್ಸರ್ ಕಂಡರೆ ಪ್ರೀತಿಯೇ. ಆದರೆ ಎರಡು ಮಣ್ಣಿನ ಕಟ್ಟೆ ಮತ್ತು ಒಂದು ಅಳತೆಪಟ್ಟಿಯಲ್ಲಿ ಆಗೋ ಪರೀಕ್ಷೆಯನ್ನು ಮಾಡದೇ ಇರೋರು, ಸೆನ್ಸರ್ ಕೊಟ್ಟ ಅಂಕಿಯನ್ನು ಮಾತ್ರ ಜನರ ಮುಂದೆ ಇಡ್ತಾರೆ ಅಂತ ನಂಬೋದು ಹೇಗೆ?

ಕೇಳಬೇಕಾದದ್ದು ದೊಡ್ಡದೇನಲ್ಲ. ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನಾಲ್ಕೂ ತಾಲ್ಲೂಕಿನ ಶಾಸಕರು ಕೂತಿರ್ತಾರೆ, ಜಿಲ್ಲೆಯವರೇ ಕೃಷಿ ಸಚಿವರು. ಎಷ್ಟು ದಿನ ನೀರು ಬಿಡ್ತೀರಿ ಅನ್ನೋ ಪ್ರಶ್ನೆ ಪ್ರತಿ ಸಲ ಬರುತ್ತೆ. ಅದರ ಜೊತೆಗೆ, ಮುಂದಿನ ಲೈನಿಂಗ್ ಟೆಂಡರ್‌ಗೆ ಮೊದಲು ಆ ಭಾಗದ ಸೋರಿಕೆ ಅಂಕಿ ಕೊಡಿ, ಮುಗಿದ ಮೇಲಿನ ಅಂಕಿ ಕೊಡಿ, ಅಳೆಯೋರು ಕಂಟ್ರಾಕ್ಟರ್ ಕಡೆಯವರೂ ನಿಗಮದವರೂ ಆಗಿರಬಾರದು, ನಾಲೆ ಪಕ್ಕದ ಹತ್ತಾರು ಬಾವಿಗಳ ಮಟ್ಟವನ್ನೂ ಜೊತೆಗೇ ಬರೆದಿಡಿ ಅನ್ನಿ. ಕಟ್ಟು ಪದ್ಧತಿಯಲ್ಲಿ ನೀರು ನಿಂತ ದಿನಗಳೇ ಪರೀಕ್ಷೆಗೆ ಸರಿಯಾದ ದಿನಗಳು, ಅದಕ್ಕಾಗಿ ಬೆಳೆಗೆ ನೀರು ನಿಲ್ಲಿಸಬೇಕಾಗಿಯೂ ಇಲ್ಲ. ಮಂಡ್ಯದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ವಿ.ಸಿ. ಫಾರಂನಲ್ಲಿ ಕೃಷಿ ವಿದ್ಯಾರ್ಥಿಗಳಿದ್ದಾರೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇನ್ನೊಂದು ಲೈನ್ ಫಾಲೋವರ್ ರೋಬೋ ಮಾಡೋ ಬದಲು ನೂರು ಮೀಟರ್ ನಾಲೆಯಲ್ಲಿ ನೀರು ಇಳಿಯೋದನ್ನು ಅಳೆದರೆ, ಯಾವ ನೀರುಗಂಟಿಯೂ ಅವರನ್ನು ಓಡಿಸಲ್ಲ ಅನ್ನಿಸುತ್ತೆ.

ಅಂದ ಹಾಗೆ, ಗೆಳೆಯನ ಮನೆಯ ಡಕ್ಟ್ ಮೊದಲ ಸಲ ಫೇಲ್ ಆಯ್ತು. ಅಟ್ಟದ ಒಂದು ಮೂಲೆಯಲ್ಲಿ ಎರಡು ಕೊಳವೆ ಸೇರುವ ಕಡೆ ಟೇಪೇ ಹಾಕಿರಲಿಲ್ಲವಂತೆ. ಕಂಟ್ರಾಕ್ಟರ್ ಮತ್ತೆ ಬಂದು ಅಂಟು ಮೆತ್ತಿ ಸರಿಮಾಡಿ, ಅಳೆಯೋನು ಮತ್ತೆ ಬಂದು ಅಳೆದು, ಎರಡನೇ ಸಲ ಪಾಸಾಯ್ತು. ಕೊನೇ ಕಂತಿನ ದುಡ್ಡನ್ನು ಅವನು ಅಲ್ಲಿಯವರೆಗೂ ಕೊಟ್ಟಿರಲಿಲ್ಲ.